ಉಲ್ಕಾಶಿಲೆಯ ಒಡಲಲ್ಲಿ: ಬಸ್ತಿ ಮತ್ತು ಶೇರ್‌ಘಾಟಿಯ ಕಲ್ಲುಗಳು

ಕಳೆದ ವರ್ಷ ಕಾರ್ತಿಕ ಮಾಸದ ಒಂದು ಸಂಜೆ ಸಂಡೂರು ಸೀಮೆಯ ಭಕ್ತ ಕುಟುಂಬವೊಂದು ನಮ್ಮನ್ನು ಕಾಣಲು ಬಂದಿತ್ತು. ಮನೆಯ ಹಿರಿಯ ತಾಯಿ, ಮಗ, ಸೊಸೆ, ಹೈಸ್ಕೂಲಿಗೆ ಹೋಗುವ ಮೊಮ್ಮಗ. ಆ ತಾಯಿ ಸೆರಗಿನ ಮರೆಯಿಂದ ಕೆಂಪು ವಸ್ತ್ರದಲ್ಲಿ ಸುತ್ತಿದ ಕರಿಗಲ್ಲೊಂದನ್ನು ತೆಗೆದು ನಮ್ಮ ಮುಂದಿಟ್ಟರು. ತೆಂಗಿನಕಾಯಿಯ ಅರ್ಧ ಹೋಳಿನಷ್ಟು ಗಾತ್ರವಿದ್ದರೂ ಎತ್ತಿದಾಗ ಕೈ ಜಗ್ಗುವಷ್ಟು ಭಾರ. ಮೈತುಂಬ ವಿಭೂತಿಯ ಗೆರೆ, ಸಂದುಗಳಲ್ಲಿ ಕುಂಕುಮ. ಅವರ ಮಾವನವರು ಒಂದು ಗುಡುಗಿನ ರಾತ್ರಿಯ ಮರುದಿನ ಹೊಲದಲ್ಲಿ ಕಂಡು ತಂದದ್ದಂತೆ. ಆಕಾಶದಿಂದ ಬಿದ್ದದ್ದೆಂದು ನಂಬಿ, ಗೋಡೆಯ ಗೂಡಿನಲ್ಲಿಟ್ಟು, ಪ್ರತಿ ಸೋಮವಾರ ನೀರೆರೆಯುತ್ತ ಬಂದಿದ್ದಾರೆ. ಮೊಮ್ಮಗನಿಗೆ ಶಾಲೆಯಲ್ಲಿ ಉಲ್ಕೆಯ ಪಾಠವಾಗಿದೆ. “ಇದು ಖರೆ ಆಕಾಶದ್ದೇನು, ನೀವೇ ಹೇಳ್ರಿ ಶಾಸ್ತ್ರಿಗಳೇ” ಎಂದರು ತಾಯಿ.

ಕೊರಳಲ್ಲಿ ಲಿಂಗವಿರುವವರು ಗೂಡಿನ ಕಲ್ಲಿಗೆ ನೀರೆರೆಯಬಹುದೇ ಎಂಬ ಚರ್ಚೆಯನ್ನು ನಾವು ಅಲ್ಲಿ ಎತ್ತಲಿಲ್ಲ, ಇಲ್ಲಿಯೂ ಎತ್ತುವುದಿಲ್ಲ. ಅವರು ಕೇಳಿದ್ದು ಕಲ್ಲಿನ ಮೂಲವನ್ನು ಮಾತ್ರ. ಹೇಳಲು ನಮಗೆ ತಿಳಿಯಲಿಲ್ಲ. ಮಠದ ಪಾಠಶಾಲೆಯಲ್ಲಿ ಕಲಿತ ವಿದ್ಯೆ ಕಲ್ಲಿನ ಮುಂದೆ ಮೂಕವಾಯಿತು ಎಂದು ಒಪ್ಪಿಕೊಳ್ಳಲು ನಮಗೆ ಸಂಕೋಚವೇನೂ ಇಲ್ಲ. ಭೂವಿಜ್ಞಾನದ ಅಧ್ಯಾಪಕರಾಗಿ ನಿವೃತ್ತರಾದ ನಮ್ಮ ಸ್ನೇಹಿತರೊಬ್ಬರಿಗೆ ತೋರಿಸೋಣವೆಂದು ಕಲ್ಲನ್ನು ಇರಿಸಿಕೊಂಡೆವು. ಆ ನೆಪದಲ್ಲಿ ಅವರ ಮನೆಯಲ್ಲಿ ಹಲವು ಸಂಜೆ ಕುಳಿತು ಕೇಳಿದ್ದು, ಅವರು ಕೊಟ್ಟ ಪುಸ್ತಕಗಳಲ್ಲಿ ಓದಿದ್ದು, ಇವನ್ನೇ ಓದುಗ ಬಂಧುಗಳ ಮುಂದೆ ಇಡುತ್ತಿದ್ದೇವೆ.

ಉಲ್ಕೆಯ ಮಾತು ನಮ್ಮ ಪ್ರಾಚೀನರಿಗೆ ಹೊಸದಲ್ಲ. ವರಾಹಮಿಹಿರನ ಬೃಹತ್ಸಂಹಿತೆಯಲ್ಲಿ ಉಲ್ಕಾಲಕ್ಷಣಕ್ಕೆಂದೇ ಒಂದು ಅಧ್ಯಾಯವಿದೆ. ಧಿಷ್ಣ್ಯಾ, ಉಲ್ಕಾ, ಅಶನಿ, ವಿದ್ಯುತ್, ತಾರಾ ಎಂದು ಐದು ಬಗೆಗಳನ್ನು ಅವನು ಹೇಳುತ್ತಾನೆ. ಆದರೆ ಅಲ್ಲಿನ ವಿಚಾರವೆಲ್ಲ ಬೀಳುವಾಗಿನ ರೂಪ ಮತ್ತು ಅದರ ಶುಭಾಶುಭ ಫಲ. ಬಿದ್ದ ಕಲ್ಲನ್ನು ಕೊಯ್ದು ಅದರೊಳಗೆ ಏನಿದೆ ಎಂದು ನೋಡುವ ಶಾಸ್ತ್ರ ಹುಟ್ಟಿದ್ದು ಈಚೆಗೆ. ಆ ಶಾಸ್ತ್ರದ ಮೊದಲ ಪಾಠಗಳಲ್ಲಿ ಕೆಲವನ್ನು ಕಲಿಸಿದ್ದು ನಮ್ಮ ನೆಲದಲ್ಲೇ ಬಿದ್ದ ಎರಡು ಕಲ್ಲುಗಳು ಎಂಬುದು ನಮಗೆ ಈ ವಯಸ್ಸಿನಲ್ಲಿ ತಿಳಿದ ಸಂಗತಿ.

ಮೊದಲನೆಯದು ಬಸ್ತಿಯ ಕಲ್ಲು. ಬಸ್ತಿಯೆಂದೊಡನೆ ನಮ್ಮವರಿಗೆ ಜೈನ ಬಸದಿಯ ನೆನಪಾಗುವುದು ಸಹಜ. ಇದು ಅದಲ್ಲ, ಇಂದಿನ ಉತ್ತರ ಪ್ರದೇಶದಲ್ಲಿ ಗೋರಖಪುರದ ಪಶ್ಚಿಮಕ್ಕಿರುವ ಒಂದು ಊರು. 1852ರ ಡಿಸೆಂಬರ್ 2ರಂದು ಆ ಊರಿನ ಬಳಿ ಒಂದು ಕಲ್ಲು ಬಿದ್ದಿತು. ಅದನ್ನು ಲಂಡನ್ನಿಗೆ ಕಳುಹಿಸಿಕೊಟ್ಟವನು ಜಾರ್ಜ್ ಆಸ್ಬೋರ್ನ್ ಎಂಬ ಆಂಗ್ಲ ಅಧಿಕಾರಿ. ಅಲ್ಲಿ ಅದು ಬ್ರಿಟಿಷ್ ಮ್ಯೂಸಿಯಂನ ಖನಿಜ ವಿಭಾಗದ ಪಾಲಕನಾಗಿದ್ದ ನೆವಿಲ್ ಸ್ಟೋರಿ ಮಸ್ಕೆಲಿನ್ ಎಂಬ ವಿದ್ವಾಂಸನ ಕೈ ಸೇರಿತು.

ಉಲ್ಕಾಶಿಲೆಯೆಂದರೆ ಕಬ್ಬಿಣದ ತುಂಡು, ಕಪ್ಪು ಬಣ್ಣ ಎಂಬ ನಮ್ಮ ಕಲ್ಪನೆಗೆ ಬಸ್ತಿಯ ಕಲ್ಲು ಹೊಂದುವುದಿಲ್ಲ. ಕೊಯ್ದರೆ ಒಳಗೆ ಬಹುತೇಕ ಬಿಳಿ, ಬೂದುಬಿಳಿ. ಎನ್‌ಸ್ಟಟೈಟ್ ಎಂಬ ಖನಿಜದ ಒಡೆದ ಹರಳುಗಳು ಒತ್ತೊತ್ತಾಗಿ ಕೂಡಿಕೊಂಡಿವೆ. ಅದರಲ್ಲಿ ಮೆಗ್ನೀಸಿಯಂ, ಸಿಲಿಕಾನ್, ಆಮ್ಲಜನಕ ಇವಿಷ್ಟೇ. ಕಬ್ಬಿಣ ಇಲ್ಲವೆನ್ನುವಷ್ಟು ಕಡಿಮೆ. ಈ ಬಿಳಿಯ ನಡುವೆ ಅಲ್ಲಲ್ಲಿ ತಿಳಿಗಂದು ಬಣ್ಣದ ಪುಟ್ಟ ಗೋಲಿಗಳು ಹುದುಗಿದ್ದವು. ಆ ಗೋಲಿಗಳಲ್ಲೂ ಅವುಗಳ ಸುತ್ತಲೂ ಇನ್ನೂ ಸೂಕ್ಷ್ಮವಾದ ಹೊನ್ನಿನ ಬಣ್ಣದ ಕಣಗಳು ಮಿನುಗುತ್ತಿದ್ದವು. ಹೀಗೆ ಒಂದು ಶಿಲೆಯ ಒಡಲಲ್ಲಿ ಹುದುಗಿ ಕುಳಿತ ಅನ್ಯ ಖನಿಜದ ಕಣವನ್ನು ಒಳಖನಿಜ ಎನ್ನೋಣ. ಗಾತ್ರದಲ್ಲಿ ಸಾಸಿವೆಗೂ ಕಡಿಮೆಯಾದ ಇವನ್ನು ಗುರುತಿಸುವುದು ಹೇಗೆ?

ಇಲ್ಲಿ ನಮಗೆ ಬಾಲ್ಯದಲ್ಲಿ ಓದಿದ ತರ್ಕಸಂಗ್ರಹ ನೆನಪಾಗುತ್ತದೆ. ವಸ್ತುವಿನ ಲಕ್ಷಣ ಹೇಳುವಾಗ ಮೂರು ದೋಷಗಳು ಬರಬಾರದೆಂದು ಗುರುಗಳು ಬೆತ್ತ ಹಿಡಿದು ಕಲಿಸಿದ್ದರು. ಕಪಿಲ ವರ್ಣದ್ದು ಹಸು ಎಂದರೆ ಬಿಳಿ ಹಸು ಬಿಟ್ಟುಹೋಗುತ್ತದೆ, ಅದು ಅವ್ಯಾಪ್ತಿ. ಕೊಂಬುಳ್ಳದ್ದು ಹಸು ಎಂದರೆ ಎಮ್ಮೆಯೂ ಹಸುವಾಗುತ್ತದೆ, ಅದು ಅತಿವ್ಯಾಪ್ತಿ. ಒಂದೇ ಗೊರಸಿನದು ಹಸು ಎಂದರೆ ಅಂಥ ಹಸುವೇ ಇಲ್ಲ, ಅದು ಅಸಂಭವ. ಖನಿಜವನ್ನು ಗುರುತಿಸುವವನ ಕಷ್ಟವೂ ಇದೇ. ಬಣ್ಣವೊಂದನ್ನೇ ನಂಬಿದರೆ ಅತಿವ್ಯಾಪ್ತಿ ಖಂಡಿತ. ಹೊನ್ನಿನ ಬಣ್ಣದ್ದೆಲ್ಲ ಹೊನ್ನಾದರೆ ಅಕ್ಕಸಾಲಿಗನಿಗೆ ಒರೆಗಲ್ಲೇಕೆ?

ಮಸ್ಕೆಲಿನ್ ಒಂದು ಗುರುತಿನ ಮೇಲೆ ಇನ್ನೊಂದನ್ನು ಕೂಡಿಸುತ್ತ ಹೋದನು. ಗಂದು ಗೋಲಿಯನ್ನು ಒಡೆದರೆ ಅದು ಮೂರು ದಿಕ್ಕಿಗೆ, ಪರಸ್ಪರ ಲಂಬವಾಗಿ, ಕಲ್ಲುಸಕ್ಕರೆಯ ಘನದಂತೆ ಸೀಳುತ್ತಿತ್ತು. ಗಡಸುತನ ಸಾಧಾರಣ. ಆಮ್ಲದ ಹನಿ ತಾಕಿಸಿದರೆ ಕರಗಿ, ಕೊಳೆತ ಮೊಟ್ಟೆಯ ವಾಸನೆ ಎದ್ದಿತು. ಅದು ಗಂಧಕ ಮತ್ತು ಜಲಜನಕ ಕೂಡಿದ ಅನಿಲದ ಗುರುತು. ಕರಗಿದ ದ್ರವದಲ್ಲಿ ಸಿಕ್ಕಿದ್ದು ಕ್ಯಾಲ್ಸಿಯಂ, ಎಂದರೆ ನಮ್ಮ ಎಲೆಗೆ ಹಚ್ಚುವ ಸುಣ್ಣದ ಮೂಲಧಾತು. ಎಲ್ಲ ಗುರುತುಗಳೂ ಕೂಡಿ ಒಂದೇ ಕಡೆಗೆ ಬೆರಳು ಮಾಡಿದವು: ಇದು ಕ್ಯಾಲ್ಸಿಯಂ ಮತ್ತು ಗಂಧಕ ಎರಡೇ ಸೇರಿದ, ಅಲ್ಲಿಯವರೆಗೆ ಪ್ರಕೃತಿಯಲ್ಲಿ ಯಾರೂ ಕಂಡಿರದ ಖನಿಜ. 1862ರಲ್ಲಿ ಅವನು ಅದಕ್ಕೆ ಓಲ್ಡ್‌ಹಮೈಟ್ ಎಂದು ಹೆಸರಿಟ್ಟನು. ಆಗ ಕಲ್ಕತ್ತೆಯಲ್ಲಿ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆಯ ಮುಖ್ಯಸ್ಥನಾಗಿದ್ದ ಥಾಮಸ್ ಓಲ್ಡ್‌ಹಮ್‌ನ ಗೌರವಾರ್ಥ ಇಟ್ಟ ಹೆಸರದು.

ಯಾರೂ ಕಂಡಿರದುದಕ್ಕೆ ಕಾರಣವುಂಟು. ನಮ್ಮ ಭೂಮಿಯಲ್ಲಿ ಆಮ್ಲಜನಕದ ಸಮೃದ್ಧಿ. ಕ್ಯಾಲ್ಸಿಯಂ ಸಿಕ್ಕಿದೊಡನೆ ಆಮ್ಲಜನಕ ಅದನ್ನು ತನ್ನ ಪಾಲಿಗೆ ಸೆಳೆದುಕೊಳ್ಳುತ್ತದೆ, ಗಂಧಕಕ್ಕೆ ಬಿಡುವುದಿಲ್ಲ. ಕ್ಯಾಲ್ಸಿಯಂ ಗಂಧಕದ ಕೈ ಹಿಡಿಯಬೇಕಾದರೆ ಆಮ್ಲಜನಕಕ್ಕೆ ಬರಗಾಲ ಬಂದಿರಬೇಕು. ಹಾಗೆ ಹುಟ್ಟಿದ ಓಲ್ಡ್‌ಹಮೈಟ್ ನಮ್ಮ ತೇವದ ಗಾಳಿಯಲ್ಲಿ ಬಹುಕಾಲ ಬಾಳದು. ನೀರು ಸೋಕಿದರೆ ಗಂಧಕದ ಅನಿಲವನ್ನು ಬಿಟ್ಟು ಕರಗುತ್ತ, ಕೊನೆಗೆ ಬಿಳಿಯ ಜಿಪ್ಸಂ ಆಗಿಬಿಡುತ್ತದೆ. ಬಸ್ತಿಯ ಗೋಲಿಗಳ ಹೊರಮೈಯಲ್ಲಿ ಅಂಥ ಬಿಳಿಯ ಲೇಪ ಆಗಲೇ ಕಂಡಿತ್ತು. ಇಂದಿಗೂ ಇಂಥ ಶಿಲೆಯನ್ನು ಕೊಯ್ಯುವವರು ಗರಗಸದ ಚಕ್ರಕ್ಕೆ ನೀರು ಬಿಡುವುದಿಲ್ಲ, ಎಣ್ಣೆಯನ್ನೋ ಸಾರಾಯಿಯ ಸತ್ವವನ್ನೋ ಬಳಸುತ್ತಾರೆ.

ಸ್ನೇಹಿತರು ಇದನ್ನು ಹೇಳುತ್ತಿದ್ದಾಗ ನಮ್ಮ ದೃಷ್ಟಿ ತಾನಾಗಿ ಮೇಜಿನ ಮೇಲಿದ್ದ ಆ ಕರಿಗಲ್ಲಿನ ಕಡೆಗೆ ಹೋಯಿತು. ಎಷ್ಟು ಸೋಮವಾರಗಳು! ಅದರೊಳಗೆ ಅಂಥದ್ದೇನಾದರೂ ಇದ್ದಿದ್ದರೆ ಎಂದೋ ತೊಳೆದುಹೋಗಿರಬೇಕಲ್ಲವೇ?

ಇನ್ನು ಆ ಹೊನ್ನಿನ ಕಣಗಳು. ಅಷ್ಟಮುಖದ ಅತಿಸೂಕ್ಷ್ಮ ಹರಳುಗಳು. ಎಲ್ಲ ಕೂಡಿಸಿದರೂ ತೂಗಲು ಸಾಲದಷ್ಟು ಅಲ್ಪ. ಆಮ್ಲಗಳಲ್ಲಿ ಕುದಿಸಿದರೂ ಅವು ಕರಗಲಿಲ್ಲ. ಟೈಟೇನಿಯಂ ಇದೆಯೆಂದು ಮಸ್ಕೆಲಿನ್ ಸರಿಯಾಗಿ ಕಂಡುಕೊಂಡನು. ಉಳಿದದ್ದು ಗಂಧಕ, ಕ್ಯಾಲ್ಸಿಯಂ ಮುಂತಾದವೆಂದು ಊಹಿಸಿದನು. 1870ರಲ್ಲಿ ಕಲ್ಲು ಕಳುಹಿಸಿದಾತನ ಹೆಸರಿನಿಂದ ಆಸ್ಬೋರ್ನೈಟ್ ಎಂದು ಕರೆದನು. ಊಹೆ ತಪ್ಪಾಗಿತ್ತು. ಆ ತಪ್ಪು ಎಪ್ಪತ್ತೊಂದು ವರ್ಷ ಹಾಗೆಯೇ ಉಳಿಯಿತು. 1941ರಲ್ಲಿ ಅದೇ ಮ್ಯೂಸಿಯಂನ ಬ್ಯಾನಿಸ್ಟರ್ ಎಂಬ ವಿದ್ವಾಂಸ ಕ್ಷ-ಕಿರಣಗಳಿಂದ ಆ ಹರಳಿನ ಒಳರಚನೆಯನ್ನು ಅಳೆದು, ಅದು ಟೈಟೇನಿಯಂ ಮತ್ತು ಸಾರಜನಕ ಸೇರಿದ ನೈಟ್ರೈಡ್ ಎಂದು ತೋರಿಸಿಕೊಟ್ಟನು. ಪರಮಾಣುಗಳು ಅಲ್ಲಿ ಅಡಿಗೆಯ ಉಪ್ಪಿನ ಹರಳಿನಲ್ಲಿರುವ ಕ್ರಮದಲ್ಲೇ ಕುಳಿತಿವೆ. ನಮಗೆ ಬಹಳ ಹಿಡಿಸಿದ ಪ್ರಸಂಗವಿದು. ಮಸ್ಕೆಲಿನ್ ದೊಡ್ಡವನೆಂಬ ಗೌರವಕ್ಕೆ ಅವನ ತಪ್ಪನ್ನು ಯಾರೂ ಕಾಪಾಡಲಿಲ್ಲ. ತಪ್ಪಿದನೆಂದು ಅವನಿಟ್ಟ ಹೆಸರನ್ನೂ ಕಿತ್ತುಹಾಕಲಿಲ್ಲ. ಕಣಗಳನ್ನು ಎಪ್ಪತ್ತು ವರ್ಷ ಒಣಗಿದ ಜಾಗದಲ್ಲಿ ಜೋಪಾನವಾಗಿ ಇಟ್ಟಿದ್ದರಿಂದಲ್ಲವೇ ತಿದ್ದುವುದು ಸಾಧ್ಯವಾದದ್ದು?

ಟೈಟೇನಿಯಂ ನೈಟ್ರೈಡ್ ಎಂಬ ಹೆಸರು ದೂರದ್ದೆನಿಸಿದರೂ ಪದಾರ್ಥವನ್ನು ಓದುಗರು ಕಂಡಿದ್ದಾರೆ. ಹಾರ್ಡ್‌ವೇರ್ ಅಂಗಡಿಯಲ್ಲಿ ಹೊನ್ನಿನ ಬಣ್ಣದ ಡ್ರಿಲ್ ಬಿಟ್‌ಗಳನ್ನು ತೂಗುಹಾಕಿರುತ್ತಾರಷ್ಟೆ. ಸವೆಯದಿರಲೆಂದು ಅವುಗಳ ಮೇಲೆ ಲೇಪಿಸುವುದು ಸಾಮಾನ್ಯವಾಗಿ ಇದನ್ನೇ. ತರ್ಕಶಾಸ್ತ್ರದಲ್ಲಿ ಚಿನ್ನವನ್ನು ಗಣಿಯಲ್ಲಿ ಹುಟ್ಟುವ ತೇಜಸ್ಸೆಂದು ಎಣಿಸುತ್ತಾರೆ. ಈ ಚಿನ್ನವಲ್ಲದ ಚಿನ್ನದ ಬಣ್ಣವನ್ನು ಎಲ್ಲಿ ಸೇರಿಸಬೇಕೆಂದು ನಮ್ಮ ಗುರುಗಳನ್ನು ಕೇಳುವ ಭಾಗ್ಯ ಈಗಿಲ್ಲ.

ಎರಡು ಪುಟ್ಟ ಕಣಗಳಿಂದ ಹೊರಟ ವಿಚಾರ ಎಲ್ಲಿಗೆ ಮುಟ್ಟಿತು ನೋಡಿ. ಗಂಧಕದ ಜೊತೆಗಿರುವ ಕ್ಯಾಲ್ಸಿಯಂ, ಸಾರಜನಕದ ಜೊತೆಗಿರುವ ಟೈಟೇನಿಯಂ, ಕಬ್ಬಿಣವಿಲ್ಲದ ಎನ್‌ಸ್ಟಟೈಟ್ ಈ ಮೂರೂ ಹೇಳುವುದು ಒಂದೇ: ಈ ಶಿಲೆ ಆಮ್ಲಜನಕ ಅತಿ ವಿರಳವಾದ ಎಡೆಯಲ್ಲಿ ಹುಟ್ಟಿತು. 2011ರಿಂದ 2015ರವರೆಗೆ ಬುಧಗ್ರಹವನ್ನು ಸುತ್ತಿದ ಅಮೆರಿಕದ ಮೆಸೆಂಜರ್ ನೌಕೆ ಆ ಗ್ರಹದ ನೆಲದಲ್ಲಿಯೂ ಗಂಧಕ ಬಹಳ, ಕಬ್ಬಿಣ ಕಡಿಮೆ ಎಂದು ಕಂಡಿತು. ಆದ್ದರಿಂದ ಬುಧನ ಒಡಲನ್ನು ಅರಿಯಬಯಸುವವರು ಬಸ್ತಿಯಂಥ ಶಿಲೆಗಳನ್ನು ಮತ್ತೆ ಮತ್ತೆ ಕೈಗೆತ್ತಿಕೊಳ್ಳುತ್ತಾರೆ. ಬಸ್ತಿಯ ಕಲ್ಲು ಬುಧನಿಂದ ಬಂದಿತೆಂದು ಇದರ ಅರ್ಥವಲ್ಲ; ಸಾದೃಶ್ಯವೇ ಬೇರೆ, ಐಕ್ಯವೇ ಬೇರೆ.

ಈ ಜಾತಿಯ ಶಿಲೆಗಳಿಗೆ ಆಬ್ರೈಟ್ ಎಂದು ಹೆಸರು. ಬಸ್ತಿಯ ಬಳಿಕ ನಮ್ಮ ದೇಶದಲ್ಲಿ ಇನ್ನೊಂದು ಬೀಳಲು ನೂರ ಎಪ್ಪತ್ತು ವರ್ಷ ಹಿಡಿಯಿತು. 2022ರ ಆಗಸ್ಟ್ 17ರ ಸಂಜೆ ಗುಜರಾತಿನ ಬನಾಸ್‌ಕಾಂಠಾ ಜಿಲ್ಲೆಯ ದಿಯೋದರ್ ತಾಲೂಕಿನ ಎರಡು ಹಳ್ಳಿಗಳಲ್ಲಿ ತುಂಡುಗಳು ಬಿದ್ದವು. ಒಂದು ಬೇವಿನ ಮರಕ್ಕೆ ಬಡಿಯಿತು, ಇನ್ನೊಂದು ಮನೆಯ ಜಗುಲಿಯ ಟೈಲ್ಸ್ ಒಡೆಯಿತು. ಈ ಬಾರಿ ಕಲ್ಲು ಲಂಡನ್ನಿಗೆ ಹೋಗಬೇಕಾಗಲಿಲ್ಲ. ಅಹಮದಾಬಾದಿನ ಭೌತಿಕ ಸಂಶೋಧನಾಲಯದ ವಿಜ್ಞಾನಿಗಳೇ ಅದನ್ನು ಪರೀಕ್ಷಿಸಿ ಜಾತಿ ನಿರ್ಣಯಿಸಿದರು.

ಎರಡನೆಯ ಕಲ್ಲು ಬಿಹಾರದ ಗಯಾ ಸೀಮೆಯ ಶೇರ್‌ಘಾಟಿಯಲ್ಲಿ 1865ರ ಆಗಸ್ಟ್ 25ರಂದು ಬಿದ್ದದ್ದು. ಸುಮಾರು 5 ಕಿಲೋಗ್ರಾಂ ತೂಕ. ಆಂಗ್ಲರ ಬಾಯಲ್ಲಿ ಶೇರ್‌ಘಾಟಿ ಶೆರ್ಗೊಟ್ಟಿಯಾಯಿತು. ಆ ಜಾತಿಯ ಶಿಲೆಗಳಿಗೆಲ್ಲ ಇಂದು ಜಗತ್ತಿನಲ್ಲಿ ಶೆರ್ಗೊಟೈಟ್ ಎಂದೇ ಹೆಸರು. ಇದರ ತುಂಡು ವಿಯೆನ್ನಾದ ಗುಸ್ತಾವ್ ಚೆರ್ಮಾಕ್ ಎಂಬ ಖನಿಜವಿಜ್ಞಾನಿಯ ಕೈ ಸೇರಿತು.

ಕಲ್ಲಿನಿಂದ ಒಂದು ಬಿಲ್ಲೆಯನ್ನು ಕೊಯ್ದು, ಗಾಜಿಗೆ ಅಂಟಿಸಿ, ಮಿಲಿಮೀಟರಿನ ನೂರರಲ್ಲಿ ಮೂರು ಭಾಗದಷ್ಟು ತೆಳ್ಳಗಾಗುವವರೆಗೆ ತೇಯುತ್ತಾರೆ. ಆಗ ಕಲ್ಲಿನ ಮೂಲಕ ಬೆಳಕು ಹಾಯುತ್ತದೆ. ಆ ಬೆಳಕಿಗೆ ಕೆಳಗೊಂದು ಮೇಲೊಂದು ಜಾಲರಿಯಂಥ ಶೋಧಕಗಳನ್ನು ಪರಸ್ಪರ ಅಡ್ಡವಾಗಿ ಇಡುತ್ತಾರೆ. ನಡುವೆ ಏನೂ ಇಲ್ಲದಿದ್ದರೆ ಕತ್ತಲೆ. ಬಹುತೇಕ ಹರಳುಗಳನ್ನಿಟ್ಟು ತಿರುಗಿಸಿದರೆ ಬೆಳಕು ತಿರುಚಿಕೊಂಡು ಬಣ್ಣಬಣ್ಣವಾಗಿ ಬೆಳಗಿ, ಆರಿ, ಮತ್ತೆ ಬೆಳಗುತ್ತದೆ. ಗಾಜು, ಉಪ್ಪಿನಂಥ ಘನಾಕೃತಿಯ ಹರಳುಗಳು ಮಾತ್ರ ಎತ್ತ ತಿರುಗಿಸಿದರೂ ಕತ್ತಲಾಗಿಯೇ ಇರುತ್ತವೆ. ಸ್ನೇಹಿತರು ನಮ್ಮನ್ನು ಸೂಕ್ಷ್ಮದರ್ಶಕದ ಮುಂದೆ ಕೂರಿಸಿ ಸಾಮಾನ್ಯ ಗ್ರಾನೈಟಿನ ಒಂದು ಬಿಲ್ಲೆಯನ್ನು ತೋರಿಸಿದರು. ಮನೆಯ ಮೆಟ್ಟಿಲಾಗಿ ದಿನವೂ ತುಳಿಯುವ ಕಲ್ಲು ಹೀಗಿರುತ್ತದೆಯೆಂದು ನಾವು ಅರುವತ್ತು ದಾಟುವವರೆಗೆ ತಿಳಿದಿರಲಿಲ್ಲ.

ಚೆರ್ಮಾಕ್ ಶೇರ್‌ಘಾಟಿಯ ಬಿಲ್ಲೆಯಲ್ಲಿ ಕಂಡದ್ದು ವಿಚಿತ್ರ. ಫೆಲ್ಡ್‌ಸ್ಪಾರ್ ಎಂಬ ಖನಿಜದ ನೀಳವಾದ ಹರಳುಗಳು ಅಂಚು ಕೆಡದೆ ನಿಂತಿದ್ದವು, ಸಂಯೋಜನೆಯೂ ಫೆಲ್ಡ್‌ಸ್ಪಾರಿನದೇ. ಆದರೆ ಬೆಳಗಬೇಕಾದ ಅವು ಗಾಜಿನಂತೆ ಕತ್ತಲಾಗಿದ್ದವು. ರೂಪ ಹರಳಿನದು, ಸ್ವಭಾವ ಗಾಜಿನದು. 1872ರಲ್ಲಿ ಅವನು ಇದಕ್ಕೆ ಮಸ್ಕೆಲಿನೈಟ್ ಎಂದು, ಬಸ್ತಿಯ ಕಲ್ಲನ್ನು ಓದಿದವನ ಹೆಸರನ್ನೇ ಇಟ್ಟನು. ಹೆಸರಾಯಿತು, ಕಾರಣ ತಿಳಿಯಲಿಲ್ಲ. 1963ರಲ್ಲಿ ಇಬ್ಬರು ವಿಜ್ಞಾನಿಗಳು ಭೂಮಿಯ ಶಿಲೆಯೊಂದನ್ನು ಸ್ಫೋಟಕದ ಆಘಾತಕ್ಕೆ ಗುರಿಮಾಡಿದಾಗ, ವಾಯುಮಂಡಲದ ಒತ್ತಡದ ಸುಮಾರು ಮೂರು ಲಕ್ಷ ಪಟ್ಟು ಒತ್ತಡದಲ್ಲಿ, ಅದರೊಳಗಿನ ಫೆಲ್ಡ್‌ಸ್ಪಾರ್ ಮಸ್ಕೆಲಿನೈಟ್ ಆಯಿತು. ಕರಗಿ ಗಾಜಾಯಿತೇ, ಕರಗದೆಯೇ ಪರಮಾಣುಗಳ ಕ್ರಮ ಕದಡಿತೇ ಎಂಬ ವಾದ ವಿದ್ವಾಂಸರಲ್ಲಿ ನಡೆದಿದೆ. ಭಾರಿ ಏಟು ಬಿದ್ದದ್ದಂತೂ ನಿಶ್ಚಯ. ಅನಂತರ ಅದೇ ಕಲ್ಲಿನಲ್ಲಿ ಸೈಫರ್ಟೈಟ್ ಎಂಬ ಇನ್ನೊಂದು ಒಳಖನಿಜ ಸಿಕ್ಕಿತು. ಅದು ಹೊಳೆಯ ಮರಳಿನ ಸಿಲಿಕಾವೇ, ಆದರೆ ಊಹೆಗೆ ಮೀರಿದ ಒತ್ತಡದಲ್ಲಿ ಹಿಂಡಿ ಸಾಂದ್ರಗೊಂಡ ರೂಪ.

ಆ ಏಟು ಬಿದ್ದದ್ದೆಲ್ಲಿ? ಉತ್ತರ ದೊರೆತದ್ದು 1983ರಲ್ಲಿ. ಅಂಟಾರ್ಕ್ಟಿಕಾದ ಹಿಮದಲ್ಲಿ ಸಿಕ್ಕಿದ್ದ ಇದೇ ಜಾತಿಯ ಇನ್ನೊಂದು ಕಲ್ಲಿನ ಗಾಜಿನ ಗುಳಿಗಳಲ್ಲಿ ಸೆರೆಯಾಗಿದ್ದ ಅನಿಲವನ್ನು ಬಿಡಿಸಿ ಅಳೆದಾಗ, ವೈಕಿಂಗ್ ನೌಕೆಗಳು 1976ರಲ್ಲಿ ಮಂಗಳಗ್ರಹದ ಮೇಲಿಳಿದು ಅಳೆದ ಗಾಳಿಗೆ ಅದು ಹೊಂದಿತು. ಶೇರ್‌ಘಾಟಿಯ ಕಲ್ಲು ಮಂಗಳನ ನೆಲದ್ದು! ಯಾವುದೋ ದೊಡ್ಡ ಪಿಂಡ ಮಂಗಳಕ್ಕೆ ಅಪ್ಪಳಿಸಿ ಇದನ್ನು ಆಕಾಶಕ್ಕೆ ಎಸೆಯಿತು. ಇಪ್ಪತ್ತೈದು ಮೂವತ್ತು ಲಕ್ಷ ವರ್ಷ ಅಲೆದು ಬಿಹಾರದ ನೆಲಕ್ಕೆ ಬಿತ್ತು. ಫೆಲ್ಡ್‌ಸ್ಪಾರನ್ನು ಕತ್ತಲಾಗಿಸಿದ್ದು ಆ ಅಪ್ಪಳಿಕೆಯೇ.

ಈಗ ಸಾಧನಗಳು ಬೆಳೆದಿವೆ. ಎಲೆಕ್ಟ್ರಾನ್ ಕಿರಣವನ್ನು ಮಿಲಿಮೀಟರಿನ ಸಾವಿರದಲ್ಲೊಂದು ಭಾಗದಷ್ಟು ಚುಕ್ಕೆಗೆ ಹಾಯಿಸಿ, ಅಲ್ಲಿಂದ ಹೊಮ್ಮುವ ಕ್ಷ-ಕಿರಣದಿಂದ ಯಾವ ಧಾತು ಎಷ್ಟಿದೆಯೆಂದು ಓದುತ್ತಾರೆ. ಇನ್ನೊಂದು ಸಾಧನದ ಮೂಲ ನಮ್ಮವರದೇ. ಚಂದ್ರಶೇಖರ ವೆಂಕಟ ರಾಮನ್ ಅವರು 1928ರಲ್ಲಿ ಕಲ್ಕತ್ತೆಯಲ್ಲಿ ಕಂಡ ಪರಿಣಾಮವೇ ಇಂದು ಖನಿಜ ಗುರುತಿಸುವ ಸುಲಭೋಪಾಯ. ಲೇಸರ್ ಬೆಳಕು ಬಿಟ್ಟರೆ ಒಂದೊಂದು ಖನಿಜವೂ ತನ್ನದೇ ಗೆರೆಗಳನ್ನು ಹಿಂದಿರುಗಿಸುತ್ತದೆ. ಎನ್‌ಸ್ಟಟೈಟಿನ ಗೆರೆಗಳು ಚೂಪು. ಮಸ್ಕೆಲಿನೈಟಿನವು ಕಲಸಿಹೋದ ದಿಬ್ಬದಂತೆ ಕಾಣುತ್ತವೆ. ಉಪ್ಪಿನ ರಚನೆಯುಳ್ಳ ಓಲ್ಡ್‌ಹಮೈಟ್, ಆಸ್ಬೋರ್ನೈಟ್‌ಗಳ ಮುಂದೆ ಈ ಬೆಳಕು ಮಂಕಾಗುತ್ತದೆ, ಅಲ್ಲಿ ಎಲೆಕ್ಟ್ರಾನ್ ಕಿರಣವೇ ಗತಿ. ಒಂದೇ ಗುರುತು ಎಲ್ಲಕ್ಕೂ ಸಾಲದು ಎಂಬ ಹಳೆಯ ಮಾತು ಇಲ್ಲಿಯೂ ಬಂತು.

ನಮ್ಮ ಕನ್ನಡ ನೆಲಕ್ಕೂ ಕಲ್ಲುಗಳು ಬಿದ್ದಿವೆ. ಶೇರ್‌ಘಾಟಿಯ ಘಟನೆಯಾಗಿ ತಿಂಗಳು ತುಂಬುವುದರೊಳಗೆ, 1865ರ ಸೆಪ್ಟೆಂಬರ್ 21ರಂದು ಮದ್ದೂರಿನಲ್ಲಿ; ಮರುವರ್ಷ 1866ರಲ್ಲಿ ಉಡುಪಿಯಲ್ಲಿ. ಇವೆರಡೂ ಸಾಮಾನ್ಯ ಜಾತಿಯ ಶಿಲೆಗಳು, ಎಂದರೆ ಹೆಚ್ಚಾಗಿ ಬೀಳುವಂಥವು. ನಾಳೆ ಯಾರದಾದರೂ ಹೊಲದಲ್ಲಿ ಇನ್ನೊಂದು ಬೀಳಬಹುದು. ಅಂಥವರು ಅದನ್ನು ತೊಳೆಯಬಾರದು, ಒಡೆದು ಹಂಚಬಾರದು, ಅರಿಶಿನ ಕುಂಕುಮ ಹಚ್ಚಬಾರದು. ಒಣಗಿದ ಶುಭ್ರ ಬಟ್ಟೆಯಲ್ಲಿ ಸುತ್ತಿ, ಬಿದ್ದ ಸ್ಥಳ ಸಮಯಗಳನ್ನು ಬರೆದಿಟ್ಟು, ತಹಸೀಲ್ದಾರರ ಮೂಲಕ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆಗೆ ತಿಳಿಸಬೇಕು. ದೇಶದಲ್ಲಿ ಬಿದ್ದ ಉಲ್ಕಾಶಿಲೆಗಳ ಪಾಲನೆ ಆ ಸಂಸ್ಥೆಯದು.

ಇನ್ನು ಸಂಡೂರಿನ ತಾಯಿಯ ಕಲ್ಲು. ಸ್ನೇಹಿತರು ಮೊದಲು ಅದರ ಮೇಲ್ಮೈಯನ್ನು ಭೂತಗನ್ನಡಿಯಲ್ಲಿ ನೋಡಿದರು. ಗಾಳಿಯಲ್ಲಿ ಉರಿದು ಬಂದ ಕಲ್ಲಿಗೆ ಇರಬೇಕಾದ ತೆಳುವಾದ ಸುಟ್ಟ ಸಿಪ್ಪೆ ಕಾಣಲಿಲ್ಲ. ಆಯಸ್ಕಾಂತ ಹತ್ತಿರ ತಂದರೆ ಸೆಳೆಯಲಿಲ್ಲ. ಬಳಿಕ ಮೆರುಗಿಲ್ಲದ ಬಿಳಿಯ ಟೈಲ್ಸಿನ ಬೆನ್ನ ಮೇಲೆ ಒಮ್ಮೆ ಗೀಚಿದರು. ಕಲ್ಲು ಕಪ್ಪು, ಮೂಡಿದ ಗೆರೆ ಇಟ್ಟಿಗೆಗೆಂಪು. ಹೆಮಟೈಟ್, ಸಂಡೂರಿನ ಗುಡ್ಡಗಳಲ್ಲಿ ಹೇರಳವಾಗಿ ಸಿಗುವ ಕಬ್ಬಿಣದ ಅದಿರು.

ಹೇಳುವ ಕೆಲಸ ನಮ್ಮ ಪಾಲಿಗೆ ಬಂತು. ಮೂರು ತಲೆಮಾರಿನ ನಂಬಿಕೆಯನ್ನು ಒಂದು ಕೆಂಪು ಗೆರೆಯಿಂದ ಅಳಿಸುವುದು ಹೇಗೆಂದು ದಾರಿಯುದ್ದಕ್ಕೂ ಯೋಚಿಸಿದೆವು. ಸುತ್ತಿಬಳಸದೆ ಹೇಳಿ, ಟೈಲ್ಸಿನ ತುಂಡನ್ನು ಮುಂದಿಟ್ಟೆವು. ತಾಯಿ ಆ ಗೆರೆಯನ್ನು ಬೆರಳಿನಿಂದ ಮುಟ್ಟಿ ನೋಡಿದರು. ಸ್ವಲ್ಪ ಹೊತ್ತು ಸುಮ್ಮನಿದ್ದು, “ಕಲ್ಲು ನಮ್ಮ ಗುಡ್ಡದ್ದೇ ಇರಲಿ ಬಿಡ್ರಿ. ನಮ್ಮ ಮಾವನವರು ಸುಳ್ಳು ಹೇಳಿದವರಲ್ಲ, ಆವತ್ತು ಗುಡುಗಿದ್ದು ಖರೇನೇ ಐತಿ” ಎಂದರು. ಮೊಮ್ಮಗ ಟೈಲ್ಸಿನ ತುಂಡನ್ನು ಕೇಳಿ ಪಡೆದುಕೊಂಡನು. ಮನೆಯ ಅಂಗಳದ ಕಲ್ಲುಗಳನ್ನೆಲ್ಲ ಅದರ ಮೇಲೆ ಗೀಚಿ ನೋಡುವ ಉಮೇದು ಅವನಿಗೆ. ಈಚೆಗೆ ಅವನ ತಂದೆ ಸಿಕ್ಕಾಗ ವಿಚಾರಿಸಿದೆವು. ಕಲ್ಲು ಈಗಲೂ ಗೂಡಿನಲ್ಲಿದೆಯಂತೆ. ಸೋಮವಾರದ ನೀರು ಮಾತ್ರ ನಿಂತಿದೆಯಂತೆ.